ಅಪ್‌ಡೇಟ್: ಕ್ಯಾಟ್‌ನಿಪ್ ಪುಡಿಗೆ ಬೆಕ್ಕು ಕ್ಯಾರೇ ಅನ್ನದಿದ್ದದ್ದು ಏಕೆ

ಕ್ಯಾಟ್‌ನಿಪ್ ಅಂದರೆ ಬೆಕ್ಕುಗಳನ್ನು ಮರುಳು ಮಾಡುವ, ಪುದೀನದ ಬಳಗದ ಗಿಡ. ಅದರ ಒಣ ಎಲೆಯ ಪ್ಯಾಕೆಟ್ ಪುಡಿ ಉದುರಿಸಿದರೂ ಬೆಕ್ಕು ಮೂಸಿ ಸುಮ್ಮನೆ ಹೋಗುತ್ತದೆ, ಏಕೆ ಎಂದು ಕೇಳಿದ್ದೆ. ತೊಂದರೆ ಇದ್ದದ್ದು ಪುಡಿಯಲ್ಲೇ. ಬೆಕ್ಕನ್ನು ಮರುಳು ಮಾಡುವುದು ಎಲೆಯ ಎಣ್ಣೆಯಲ್ಲಿರುವ ನೆಪೆಟಲ್ಯಾಕ್ಟೋನ್ ಎಂಬ ರಾಸಾಯನಿಕ. ಗಾಳಿ ತಗುಲಿದರೆ ಅದು ಹಾರಿಹೋಗುತ್ತದೆ. ಬೆರಳಲ್ಲಿ ಉಜ್ಜಿದಾಗ ಪುದೀನದಂಥ ಘಾಟು ಬರದಿದ್ದರೆ ಉಳಿದಿರುವುದು ಬರೀ ಹೊಟ್ಟು.

ಎರಡು ಹಸಿ ಎಲೆ ಹಿಸುಕಿ ಇಟ್ಟಾಗ ಅದೇ ಬೆಕ್ಕು ಕೆನ್ನೆ ಉಜ್ಜಿ, ಜೊಲ್ಲು ಸುರಿಸಿ, ಅಂಗಾತ ಬಿದ್ದು ಹೊರಳಾಡಿತು. ಈ ಅಮಲು 5ರಿಂದ 15 ನಿಮಿಷ, ಅಷ್ಟೇ. ಆಮೇಲೆ ಒಂದೆರಡು ಗಂಟೆ ಏನಿಟ್ಟರೂ ತಿರುಗಿ ನೋಡುವುದಿಲ್ಲ. ಕೆಲಸ ಮಾಡುವುದು ವಾಸನೆ, ತಿನ್ನಿಸಬೇಕಾಗಿಲ್ಲ. ಹೆಚ್ಚು ತಿಂದರೆ ವಾಂತಿ, ಭೇದಿ. ಹಸಿ ಎಲೆಗೂ ಜಗ್ಗದಿದ್ದರೆ ಅದು ಹುಟ್ಟುಗುಣ: ಸುಮಾರು ಮೂರರಲ್ಲೊಂದು ಬೆಕ್ಕು ಹೀಗೆಯೇ. ತೀರಾ ಎಳೆಯ ಮರಿಗಳಿಗೂ ನಾಟುವುದಿಲ್ಲ.

ಕುಂಡದಲ್ಲಿ ಬೆಳೆಸುವವರು ಮಣ್ಣಿಗೆ ಮರಳು ಬೆರೆಸಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಸಸಿಗೆ ತಂತಿ ಬಲೆ ಮುಚ್ಚದಿದ್ದರೆ ಬೆಕ್ಕು ಅದರ ಮೇಲೆಯೇ ಮಲಗುತ್ತದೆ! ಹೂ ಬಿಡುವಾಗ ಕೊಯ್ದು, ನೆರಳಲ್ಲಿ ಒಣಗಿಸಿ, ಪುಡಿ ಮಾಡದೆ ಗಾಜಿನ ಡಬ್ಬಿಯಲ್ಲಿ ಫ್ರೀಜರ್‌ನಲ್ಲಿಡಿ.

ಕ್ಯಾಟ್‌ನಿಪ್ ಸಿಗದಿದ್ದರೆ ಬೇಲಿ ಬದಿಯ ಕುಪ್ಪಿಗಿಡ ಕಿತ್ತು ನೋಡಿ. ಅದು ಹರಳೆಣ್ಣೆ ಗಿಡದ ಬಳಗದ್ದು, ಪುದೀನದ ಬಳಗದ್ದಲ್ಲ. ಆದರೂ ಬೆಕ್ಕು ಮರುಳಾಗುತ್ತದೆ, ಎಲೆಗಲ್ಲ, ಬೇರಿಗೆ.