ಸಹಾಯ ಬೇಕು: ಲಿಸ್ಬನ್‌ನಿಂದ ಸಿಂತ್ರಾಗೆ, ಮಂಡಿನೋವಿನ ಅಮ್ಮನ ಜೊತೆ

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಅಪ್ಪ ಅಮ್ಮನ ಜೊತೆ ಲಿಸ್ಬನ್‌ನಲ್ಲಿ ಇರುತ್ತೇವೆ, ಒಂದು ದಿನ ಹತ್ತಿರದ ಗುಡ್ಡದೂರು ಸಿಂತ್ರಾಗೆ ಅಂತ ಇಟ್ಟಿದ್ದೇವೆ. ಅಲ್ಲಿ ಗುಡ್ಡದ ಮೇಲಿರುವ ಪೆನಾ ಅರಮನೆಗೆ ಬೆಳಗ್ಗೆ 10.30ರ ಟಿಕೆಟ್ ಆನ್‌ಲೈನ್‌ನಲ್ಲಿ ತೆಗೆದೂ ಆಯ್ತು. ಆಮೇಲೆ ಗೊತ್ತಾಗಿದ್ದು, ಆ ಸಮಯ ಅರಮನೆ ಸುತ್ತಲಿನ ಪಾರ್ಕಿನ ಗೇಟಿಗಲ್ಲ, ಅರಮನೆ ಬಾಗಿಲಿಗೆ, ಗೇಟಿನಿಂದ ಅಲ್ಲಿಗೆ ಏರುದಾರಿಯಲ್ಲಿ ಇನ್ನೂ ಅರ್ಧ ಗಂಟೆ ಬೇಕಂತೆ. ಅಮ್ಮನಿಗೆ ಮಂಡಿನೋವು, ಚಾಮುಂಡಿ ಬೆಟ್ಟಕ್ಕೂ ಈಗ ಬಸ್ಸಲ್ಲೇ ಹೋಗೋದು.

ಲಿಸ್ಬನ್ನಿನ ರೊಸಿಯೊ ಸ್ಟೇಷನ್‌ನಿಂದ ಸಿಂತ್ರಾಗೆ ರೈಲು ಸುಮಾರು 40 ನಿಮಿಷ, ಅದು ಗೊತ್ತು. ಅಲ್ಲಿಂದ ಗುಡ್ಡಕ್ಕೆ 434 ನಂಬರ್ ಬಸ್ ಇದೆ. ಆದರೆ ಹೋಗಿಬಂದವರನ್ನು ಕೇಳಿದರೆ ಒಬ್ಬರು ಕ್ಯೂ ಜಾಸ್ತಿ, ಬಸ್ ಬೇಡ ಅಂತಾರೆ, ಇನ್ನೊಬ್ಬರು ಟುಕ್‌ಟುಕ್ (ಅಲ್ಲಿನ ಆಟೋ) ಸುಮ್ನೆ ದುಡ್ಡು ದಂಡ ಅಂತಾರೆ. ಹೋಟೆಲಿಗೆ ಮೇಲ್ ಹಾಕಿದೆ, ಉತ್ತರವಿಲ್ಲ. ಇದರ ಮಧ್ಯೆ ಅಪ್ಪನಿಗೆ ಯುರೋಪಿನ ಮುಖ್ಯಭೂಮಿಯ ಪಶ್ಚಿಮ ತುದಿ ಕಾಬೊ ದ ರೋಕಾ ನೋಡಲೇಬೇಕಂತೆ, ಅದೂ ಅದೇ ದಿನ!

ವಯಸ್ಸಾದವರನ್ನು ಕರೆದುಕೊಂಡು ಹೋದವರು ಹೇಳಿ: 10.30ಕ್ಕೆ ಬಾಗಿಲಲ್ಲಿರಬೇಕಾದರೆ ರೊಸಿಯೊದಿಂದ ಎಷ್ಟು ಗಂಟೆಯ ರೈಲು ಹಿಡಿಯಬೇಕು, ಸ್ಟೇಷನ್‌ನಿಂದ ಮೇಲಕ್ಕೆ ಬಸ್ಸಾ ಟುಕ್‌ಟುಕ್ಕಾ? ಮಧ್ಯಾಹ್ನ ಕಾಬೊ ದ ರೋಕಾ ನೋಡಿ ಕರಾವಳಿಯ ಊರು ಕಶ್ಕಾಯಿಶ್ ಮಾರ್ಗವಾಗಿ ರೈಲಿನಲ್ಲಿ ಲಿಸ್ಬನ್‌ಗೆ ವಾಪಸ್ ಬರೋದು ಅಮ್ಮನಿಗೆ ಆಗುತ್ತಾ, ಅಥವಾ ಅದನ್ನು ಬೇರೆ ದಿನಕ್ಕೆ ಇಡೋದೇ ವಾಸಿಯಾ?