ಪದ ಬೇಕು (ತುರ್ತು): ಈಜುಕೊಳದ ಸ್ಟೆಬಿಲೈಸರ್, ಫ್ರೀ ಕ್ಲೋರಿನ್

ಫಲಕದವಳು:
ಎಲ್ಲರಿಗೂ ನಮಸ್ಕಾರ. ಮನೆಯ ಈಜುಕೊಳದ ಪಕ್ಕ ಹಾಕುವ ಫಲಕದ ಬರಹ ಸಂಜೆಯೊಳಗೆ ಅಚ್ಚಿಗೆ ಹೋಗಬೇಕು. ಓದುವವರು ಕೊಳ ನೋಡಿಕೊಳ್ಳುವವರು, ರಸಾಯನಶಾಸ್ತ್ರ ಓದಿದವರಲ್ಲ.

ಕ್ಲೋರಿನ್ ಬಿಸಿಲಿಗೆ ಬೇಗ ಹಾಳಾಗದಿರಲಿ ಅಂತ ನೀರಿಗೆ ಸಯನ್ಯೂರಿಕ್ ಆಮ್ಲ ಹಾಕುತ್ತಾರಲ್ಲ, ಅದಕ್ಕೆ ಸ್ಟೆಬಿಲೈಸರ್ ಅನ್ನುತ್ತಾರೆ. ಹಾಗೇ ಬರೆದರೆ ಫ್ರಿಜ್ಜಿನ ಪಕ್ಕದ ಕರೆಂಟಿನ ಡಬ್ಬ ನೆನಪಾಗುತ್ತದೆ. ಇನ್ನು ಫ್ರೀ ಕ್ಲೋರಿನ್ ಅಂದರೆ ಬೆವರು, ಕೊಳೆಗೆ ಸೇರಿಹೋಗದೆ ನೀರಿನಲ್ಲಿ ಕೆಲಸಕ್ಕೆ ಉಳಿದಿರುವ ಕ್ಲೋರಿನ್, ಅದನ್ನು ‘ಮುಕ್ತ’ ಅಂದಿದ್ದೇನೆ. ನನ್ನ ಕರಡು ಹೀಗಿದೆ: ‘ಮುಕ್ತ ಕ್ಲೋರಿನ್ 3 ಪಿಪಿಎಂ, ಸ್ಥಿರಕಾರಿ 30ರಿಂದ 50 ಪಿಪಿಎಂ ಇರಲಿ.’ (ಪಿಪಿಎಂ ಅಂದರೆ ಹತ್ತು ಲಕ್ಷ ಪಾಲು ನೀರಿಗೆ ಇಷ್ಟು ಪಾಲು.) ನಡೆಯುತ್ತಾ?

ಸಂಧಿಪ್ರಿಯ:
ಮೊದಲು ‘ಈಜುಕೊಳ’ ತಿದ್ದಿ. ಈಜುಗೊಳ. ಆದೇಶ ಸಂಧಿ ಗೊತ್ತಿಲ್ಲದೆ ಫಲಕ ಬರೆಯುವುದು ಈಗ ಚಾಳಿಯಾಗಿದೆ. ಸ್ಥಿರಕಾರಿ ಸರಿ ಇದೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಅಚ್ಚಗನ್ನಡಿಗ:
ಸ್ಥಿರಕಾರಿಯಲ್ಲಿ ಕನ್ನಡ ಎಲ್ಲಿದೆ ಸಾರ್? ‘ಕಾಯ್’ ನಮ್ಮದೇ ಬೇರು. ಕಾಪು, ಕಾವಲು, ಕಾಪಾಡು ಎಲ್ಲ ಅದರಿಂದಲೇ ಬಂದವು. ‘ಕ್ಲೋರಿನ್ ಕಾಪು’ ಅನ್ನಿ, ಮುಗಿಯಿತು. ನನ್ನನ್ನು ಕೇಳಿದರೆ ಕ್ಲೋರಿನ್ ಕೂಡ ಬೇಡ. ಗ್ರೀಕಿನ ಕ್ಲೋರೋಸ್ ಅಂದರೆ ಎಳೆಹಸಿರು. 1810ರಲ್ಲಿ ಹಂಫ್ರಿ ಡೇವಿ ಬಣ್ಣ ನೋಡಿಯೇ ಆ ಹೆಸರಿಟ್ಟದ್ದು. ಅವರಿಗೆ ಗ್ರೀಕು ಇತ್ತು, ನಮಗೆ ಕನ್ನಡ ಇದೆ. ‘ಹಸಿರುಗಾಳಿ’ ಯಾಕಾಗಬಾರದು?

ಬರೀ ಓದುಗ:
ಹಸಿರುಗಾಳಿ ಅಂತ ಫಲಕ ಹಾಕಿದರೆ ಜನ ಕುರ್ಚಿ ಹಾಕಿಕೊಂಡು ಉಸಿರೆಳೆಯುತ್ತಾರೆ. ಅದು ವಿಷದ ಗಾಳಿ ಸ್ವಾಮಿ.

ಪ್ರಯೋಗಶಾಲೆ:
ಮೇಡಂ, ಸ್ಟೆಬಿಲೈಸರ್ ಆಮೇಲೆ ನೋಡೋಣ. ‘ಮುಕ್ತ ಕ್ಲೋರಿನ್’ ಮೊದಲು ತೆಗೆಯಿರಿ. ನಾವು ಹೊಗೆಮುಕ್ತ, ಧೂಳುಮುಕ್ತ ಅಂತ ಓದಿ ಓದಿ ರೂಢಿಯಾದವರು. ಅವಸರದಲ್ಲಿ ಓದಿದವನಿಗೆ ಇದು ‘ಕ್ಲೋರಿನ್ ಮುಕ್ತ’ ಆಗುತ್ತದೆ. ಕ್ಲೋರಿನ್ನೇ ಇಲ್ಲದ ನೀರು! ‘ಉಳಿಕೆ ಕ್ಲೋರಿನ್’ ಕೂಡ ಬೇಡ. ಬೆವರು, ಮೂತ್ರದ ಜೊತೆ ಸೇರಿ ಕ್ಲೋರಮೈನ್ ಆದದ್ದೂ ಅದರ ಲೆಕ್ಕಕ್ಕೆ ಬರುತ್ತದೆ. ಮೂಗಿಗೆ ಹೊಡೆಯುವ ‘ಕ್ಲೋರಿನ್ ವಾಸನೆ’ ಬಹುಪಾಲು ಆ ಕ್ಲೋರಮೈನಿನದೇ. ವಾಸನೆ ಬಂತು, ಕ್ಲೋರಿನ್ ಜಾಸ್ತಿ ಆಯ್ತು ಅಂತ ಜನ ನಿಲ್ಲಿಸಿಬಿಡುತ್ತಾರೆ. ಎಷ್ಟೋ ಸಲ ಅಲ್ಲಿ ಕ್ಲೋರಿನ್ ಸಾಲದೇ ಇರುತ್ತದೆ. ಫ್ರೀ ಕ್ಲೋರಿನ್ನಿಗೆ ನನ್ನ ಮತ ‘ಬಿಡಿ ಕ್ಲೋರಿನ್’, ಕ್ಲೋರಮೈನ್ ಆದದ್ದಕ್ಕೆ ‘ಕಟ್ಟುಬಿದ್ದ ಕ್ಲೋರಿನ್’.

ಇನ್ನು ಕಾಪು, ಸ್ಥಿರಕಾರಿ. ಎರಡರಲ್ಲೂ ಒಂದೇ ತೊಂದರೆ. ಕೇಳಿದರೆ ಜಾಸ್ತಿ ಹಾಕಿದಷ್ಟೂ ಒಳ್ಳೆಯದು ಅನ್ನಿಸುತ್ತದೆ. ಅದು ಇಲ್ಲದಿದ್ದರೆ ಸುಡುಬಿಸಿಲಿನಲ್ಲಿ ಒಂದು ಗಂಟೆಯೊಳಗೆ ಅರ್ಧದಷ್ಟು ಕ್ಲೋರಿನ್ ಹೋಗಿಬಿಡುತ್ತದೆ, ನಿಜ. ಆದರೆ ಅದು ಕ್ಲೋರಿನ್ನನ್ನು ಹಿಡಿದಿಟ್ಟುಕೊಂಡೇ ಕಾಯುವುದು. ಹಿಡಿತ ಹೆಚ್ಚಾದಷ್ಟೂ ಕ್ಲೋರಿನ್ನಿನ ಕೆಲಸ ನಿಧಾನ. ಅದಕ್ಕೇ ಬಿಡಿ ಕ್ಲೋರಿನ್ ಸ್ಟೆಬಿಲೈಸರ್‌ನ ನೂರಕ್ಕೆ ಏಳೂವರೆಯಷ್ಟಾದರೂ ಇರಲಿ ಅನ್ನುವ ಲೆಕ್ಕ ಇದೆ. 40 ಇದ್ದರೆ 3 ಸಾಕು, 100 ಆದರೆ 7.5 ಬೇಕು. ನಿಮ್ಮ ಕರಡಿನಲ್ಲಿ 50ರ ಪಕ್ಕದಲ್ಲೂ 3 ಎಂದೇ ಇದೆ, ಅಲ್ಲಿ ಸುಮಾರು 4 ಬೇಕು.

ನೀರು ಆವಿಯಾದರೂ ಸ್ಟೆಬಿಲೈಸರ್ ಹೋಗುವುದಿಲ್ಲ. ಟ್ರೈಕ್ಲೋರ್ ಅನ್ನುವ ಕ್ಲೋರಿನ್ ಮಾತ್ರೆಯಲ್ಲಿ ಅದು ಸೇರಿಕೊಂಡೇ ಇರುತ್ತದೆ: 10 ಪಿಪಿಎಂ ಕ್ಲೋರಿನ್ ಕೊಟ್ಟರೆ ಜೊತೆಗೆ ಸುಮಾರು 6 ಪಿಪಿಎಂ ಸ್ಟೆಬಿಲೈಸರ್. ತಿಂಗಳುಗಟ್ಟಲೆ ಮಾತ್ರೆ ಹಾಕುತ್ತಾ ಹೋದವರು ಕೊನೆಗೆ ಅರ್ಧ ಕೊಳ ಖಾಲಿ ಮಾಡಿ ಹೊಸ ನೀರು ತುಂಬಬೇಕು. ದ್ರವ ಕ್ಲೋರಿನ್ನಿನಲ್ಲಿ ಈ ಕಾಟ ಇಲ್ಲ.

ಅಚ್ಚಗನ್ನಡಿಗ:
‘ಬಿಡಿ’ ಒಪ್ಪಿದೆ. ಅಲ್ಲಿ ಕನ್ನಡ ಆಗುತ್ತದೆ, ಸ್ಟೆಬಿಲೈಸರ್ ಮಾತ್ರ ಇಂಗ್ಲಿಷೇ ಇರಬೇಕಾ?

ಸಂಧಿಪ್ರಿಯ:
‘ಬಿಡಿ’ ಕಿರಾಣಿ ಅಂಗಡಿಯ ಪದ. ಬಿಡಿ ಸಿಗರೇಟು, ಬಿಡಿ ಹೂವು. ಶಾಸ್ತ್ರಕ್ಕೆ ಒಗ್ಗುವುದಿಲ್ಲ.

ಪ್ರಯೋಗಶಾಲೆ:
ಶಾಸ್ತ್ರದ ಕಥೆ ಕೇಳಿ ಸಾರ್. ಪರೀಕ್ಷೆಯಲ್ಲಿ ‘ಫ್ರೀ’ ಅಂತ ತೋರಿಸುವ ಕ್ಲೋರಿನ್ನಿನಲ್ಲೂ ಬಹುಪಾಲು ಸ್ಟೆಬಿಲೈಸರ್‌ಗೆ ಅಂಟಿಕೊಂಡೇ ಇರುತ್ತದೆ. ಇಂಗ್ಲಿಷ್ ಹೆಸರೇ ಅರ್ಧ ಸುಳ್ಳು. ನಮ್ಮದು ಕಿರಾಣಿ ಅಂಗಡಿಯದಾದರೆ ನಷ್ಟ ಏನು?

ಬರೀ ಓದುಗ:
ಚಾವಿ ಪೋರ್ಚುಗೀಸರ ಕಾಲದಲ್ಲಿ ಬಂತು ಅನ್ನುತ್ತಾರೆ. ಆಗ ಇಂಥ ಗುಂಪು ಇರಲಿಲ್ಲ, ಪುಣ್ಯ. ಇದ್ದಿದ್ದರೆ ಇವತ್ತಿಗೂ ಬೀಗ ತೆಗೆಯುತ್ತಿರಲಿಲ್ಲ.

ಅಚ್ಚಗನ್ನಡಿಗ:
ನಗುವುದು ಸುಲಭ. ಸಂಸ್ಕೃತದಿಂದ ತಂದರೆ ತತ್ಸಮ ಅಂತ ಮಣೆ, ನಾವು ಕಟ್ಟಿದರೆ ಗೇಲಿ. ಈ ಲೆಕ್ಕ ನನಗೆ ಇವತ್ತಿನವರೆಗೂ ಅರ್ಥವಾಗಿಲ್ಲ. ‘ಸಯನ್ಯೂರಿಕ್’ ಬರೆದು ನೋಡಿ, ಸಯನೈಡ್ ಅಂದುಕೊಂಡು ಯಾರೂ ನೀರಿಗಿಳಿಯುವುದಿಲ್ಲ.

ಪ್ರಯೋಗಶಾಲೆ:
ಹೆಸರಿನ ಬೇರು ಒಂದೇ, ಕಡುನೀಲಿ ಅನ್ನುವ ಗ್ರೀಕ್ ಪದ. ಗುಣ ಬೇರೆ. ಆದರೂ ಹೆದರುತ್ತಾರೆ ಅನ್ನುವ ಮಾತು ಒಪ್ಪಿದೆ. ಫಲಕದಲ್ಲಿ ಆ ಹೆಸರು ಬೇಡ, ಡಬ್ಬದ ಮೇಲೆ ಇದ್ದೇ ಇರುತ್ತದೆ.

ಫಲಕದವಳು:
ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಕಳಿಸುತ್ತಿದ್ದೇನೆ:

‘ಬಿಡಿ ಕ್ಲೋರಿನ್ 4 ಪಿಪಿಎಂಗಿಂತ ಕೆಳಗೆ ಇಳಿಯದಿರಲಿ. ಬಿಸಿಲುಕಾಪು (ಸ್ಟೆಬಿಲೈಸರ್) 30ರಿಂದ 50 ಪಿಪಿಎಂ ಸಾಕು, ಹೆಚ್ಚಾದರೆ ಕ್ಲೋರಿನ್ ಕೆಲಸ ನಿಧಾನವಾಗುತ್ತದೆ. ಮಾತ್ರೆಯನ್ನೂ ಬ್ಲೀಚಿಂಗ್ ಪುಡಿಯನ್ನೂ ಒಟ್ಟಿಗೆ ಸೇರಿಸಬೇಡಿ, ಬೆಂಕಿ ಹತ್ತಬಹುದು.’

‘ಬಿಸಿಲು’ ನಾನೇ ಸೇರಿಸಿದೆ. ಕಾಪು ಯಾವುದರಿಂದ ಅಂತ ಗೊತ್ತಾಗಬೇಕಲ್ವಾ? ಕೊಳಕ್ಕೆ ‘ಗೊ’ ಹಾಕಿಲ್ಲ. ಮಾಲೀಕರು ‘ಕೊ’ ಎಂದೇ ಕೇಳಿದ್ದಾರೆ.

ಸಂಧಿಪ್ರಿಯ:
ಮಾಲೀಕರು ವ್ಯಾಕರಣ ಯಾವಾಗ ಓದಿದರು?

ಅಚ್ಚಗನ್ನಡಿಗ:
ಬಿಸಿಲುಕಾಪು ಚೆನ್ನಾಗಿದೆ. ಕಂಸದಲ್ಲಿರುವುದನ್ನು ಮುಂದಿನ ಸಲ ತೆಗೆಯಿರಿ. ಪಿಪಿಎಂಗೆ ‘ಹತ್ತುಲಕ್ಷದ ಪಾಲು’ ಅಂತ ಬೇರೆ ಎಳೆ ತೆರೆಯಲಾ?

ಪ್ರಯೋಗಶಾಲೆ:
ಬೇಡ. ಕೊಳದ ನೀರಿನ ಮಟ್ಟಿಗೆ ಲೀಟರಿಗೆ ಇಷ್ಟು ಮಿಲಿಗ್ರಾಂ ಅಂದರೂ ಅಂಕಿ ಅದೇ. ಪರೀಕ್ಷೆಯ ಡಬ್ಬಿಯ ಮೇಲೆ ಯಾವುದಿದೆಯೋ ಅದನ್ನೇ ಬರೆಯಲಿ.