ಪ್ಯಾರಾಚೂಟ್ ಅಳತೆ 170 ಬಿಟ್ಟು 150ಕ್ಕೆ ಇಳಿಯಲಾ? ಸೆಕೆಂಡ್ ಹ್ಯಾಂಡ್ ರಿಗ್ ಸಿಕ್ಕಿದೆ, ಏಪ್ರಿಲ್‌ನಲ್ಲಿ ಬಳ್ಳಾರಿಯಲ್ಲಿ ಜಂಪ್

ಕೋಟೆಗುಡ್ಡ:

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿಯವನು. ಆರು ವರ್ಷ ದುಬೈನಲ್ಲಿ ಕೆಲಸ ಮಾಡಿ ಹೋದ ವರ್ಷ ಊರಿಗೆ ಬಂದೆ. ಅಲ್ಲಿದ್ದಾಗ ವಿಮಾನದಿಂದ 340 ಪ್ಯಾರಾಚೂಟ್ ಜಂಪ್ ಆಗಿವೆ, ಅನುಭವಿ ಜಂಪರ್‌ಗಳ ಸಿ ಲೈಸೆನ್ಸ್ ಇದೆ. ಆದರೆ ಒಂಬತ್ತು ತಿಂಗಳಿಂದ ವಿಮಾನದ ಬಾಗಿಲು ಕಂಡಿಲ್ಲ.

ನನ್ನ ರಿಗ್‌ನಲ್ಲಿ (ಬೆನ್ನಿಗೆ ಕಟ್ಟುವ ಪ್ಯಾರಾಚೂಟ್ ಸೆಟ್ಟು) ಮೇನ್, ಅಂದರೆ ಮುಖ್ಯ ಪ್ಯಾರಾಚೂಟು, ಸೇಬರ್ 2 ಅನ್ನೋ ಮಾಡೆಲ್, ಅಳತೆ 170 ಚದರ ಅಡಿ. ರಿಸರ್ವ್, ಅಂದರೆ ಮೇನ್ ಕೈಕೊಟ್ಟಾಗ ಬಿಚ್ಚುವುದು, 160. ನನ್ನ ತೂಕ 72 ಕೆಜಿ, ರಿಗ್ಗು ಹೆಲ್ಮೆಟ್ಟು ಎಲ್ಲ ಹಾಕಿಕೊಂಡು ಬಾಗಿಲಲ್ಲಿ ನಿಂತರೆ 84 ಕೆಜಿ, ಅಂದರೆ 185 ಪೌಂಡ್. ವಿಂಗ್ ಲೋಡಿಂಗ್ (ಪೌಂಡನ್ನು ಚದರ ಅಡಿಯಿಂದ ಭಾಗಿಸಿದ್ದು, ಜಾಸ್ತಿ ಆದಷ್ಟೂ ವೇಗ ಜಾಸ್ತಿ) 1.09 ಬರುತ್ತದೆ. ರಿಗ್ ಗಟ್ಟಿಯಾಗಿದೆ, ಆದರೆ ಅದರ ಎಎಡಿ (ಜಂಪರ್ ಎಳೆಯದಿದ್ದರೆ ತಾನೇ ರಿಸರ್ವ್ ಬಿಚ್ಚುವ ಯಂತ್ರ) ಆಯಸ್ಸು ಮುಗಿದಿದೆ. ಹೊಸದು ತರಿಸಬೇಕೆಂದರೆ ಲಕ್ಷ ದಾಟುತ್ತದೆ.

ಇದೇ ಹೊತ್ತಿಗೆ ಗೆಳೆಯರೊಬ್ಬರು ತಮ್ಮ ರಿಗ್ ಮಾರುತ್ತಿದ್ದಾರೆ. ಜಾವೆಲಿನ್ ಕಂಟೇನರ್ (ಹೊರಗಿನ ಚೀಲ), 150 ಮೇನ್, 126 ರಿಸರ್ವ್, ಒಳಗೆ ಸೈಪ್ರೆಸ್ ಅನ್ನೋ ಎಎಡಿ ಇದೆ, ಅದಕ್ಕೆ ಇನ್ನು ಹದಿನಾಲ್ಕು ತಿಂಗಳು ಬಾಕಿ. ಬೆಲೆ ಚೆನ್ನಾಗಿದೆ. ನೋಡೋಕೆ ಮದುಮಗಳ ಹಾಗಿದೆ. ಎರಡರಲ್ಲಿ ಒಂದಕ್ಕೆ ಮಾತ್ರ ನನ್ನ ಹತ್ತಿರ ದುಡ್ಡಿದೆ.

ಇನ್ನೊಂದು ವಿಷಯ. ಮೂರ್ನಾಲ್ಕು ಜನ ಸೇರಿ ಏಪ್ರಿಲ್‌ನಲ್ಲಿ ನಮ್ಮೂರಲ್ಲೇ ಜನರ ಮುಂದೆ ಒಂದು ಡೆಮೊ ಜಂಪ್ ಮಾಡೋಣ ಅಂದುಕೊಂಡಿದ್ದೇವೆ. ಅನುಮತಿಗೆ ಓಡಾಟ ನಡೆದಿದೆ, ಆ ಪುರಾಣ ಇಲ್ಲಿ ಬೇಡ. ಇಳಿಯೋದು ಒಂದು ಕಾಲೇಜು ಮೈದಾನದಲ್ಲಿ. ಒಂದು ಕಡೆ ಕಲ್ಲುಗುಡ್ಡ, ಇನ್ನೊಂದು ಕಡೆ ರಸ್ತೆ, ರಸ್ತೆ ಪಕ್ಕ ಕರೆಂಟಿನ ವೈರು. ಹಳೇ 170ಕ್ಕೆ ಹೊಸ ಎಎಡಿ ಹಾಕಿಸಲಾ, ಅಥವಾ 150 ತೆಗೆದುಕೊಳ್ಳಲಾ? 340 ಜಂಪ್‌ಗೆ 1.23 ಜಾಸ್ತಿ ಅಲ್ಲ ಅಲ್ವಾ?

ಹಾರುಹದ್ದು:

ಗುರುವೇ, 340 ಜಂಪ್ ಆದಮೇಲೂ 1.09ರಲ್ಲಿ ತೇಲುತ್ತಾ ಕೂತರೆ ಬೇಜಾರಾಗುವುದಿಲ್ವಾ? ನಾನು 280 ಜಂಪ್‌ಗೇ 150ಕ್ಕೆ ಬಂದೆ, ಈಗ 135. ಏನೂ ಆಗಿಲ್ಲ. ಗಾಳಿ ಜೋರಿದ್ದ ದಿನ ದೊಡ್ಡ ಕ್ಯಾನೊಪಿ (ಬಿಚ್ಚಿದ ಪ್ಯಾರಾಚೂಟು) ಹಿಂದಕ್ಕೇ ಹೋಗುತ್ತದೆ, ಸಣ್ಣದು ಸೀಳಿಕೊಂಡು ಮುಂದೆ ಬರುತ್ತದೆ, ಅಲುಗಾಟವೂ ಕಡಿಮೆ. ಬೆಲೆ ಚೆನ್ನಾಗಿದೆ ಅಂತೀರಿ, ಯೋಚನೆ ಯಾಕೆ, ತಗೊಳ್ಳಿ. ಹದಿನಾಲ್ಕು ತಿಂಗಳಲ್ಲಿ ಎಎಡಿಗೆ ದುಡ್ಡು ಕೂಡಿಸಬಹುದು. ಆರ್‌ಎಸ್‌ಎಲ್ (ಮೇನ್ ಕಳಚಿದರೆ ತಾನೇ ರಿಸರ್ವ್ ಎಳೆಯುವ ಪಟ್ಟಿ) ಇದ್ದರೆ ಬಿಚ್ಚಿಡಿ, ನಾನು ಬಿಚ್ಚಿ ಮೂರು ವರ್ಷ ಆಯ್ತು.

ಚಾಪೆ_ಸೂಜಿ_ದಾರ:

ಕೋಟೆಗುಡ್ಡ ಅವರೇ, ನಾನು ಮೂಲ ರಾಯಚೂರಿನವಳು, ಈಗ ಹೊರದೇಶದಲ್ಲಿ ರಿಗ್ಗರ್ ಕೆಲಸ, ಅಂದರೆ ರಿಗ್ ಪರೀಕ್ಷಿಸಿ ಪ್ಯಾಕ್ ಮಾಡೋದು. ನೀವಿಬ್ಬರೂ ಮೇನ್ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನ ಕಣ್ಣು ಹೋಗಿದ್ದು ಆ 126ರ ಮೇಲೆ.

185 ಪೌಂಡನ್ನು 126ರಿಂದ ಭಾಗಿಸಿ. 1.47. ಮೇನ್ 1.23 ಇರಲಾ ಬೇಡವಾ ಅಂತ ಕೇಳುತ್ತಿರುವ ಮನುಷ್ಯ ರಿಸರ್ವ್‌ನಲ್ಲಿ 1.47ಕ್ಕೆ ಸುಮ್ನೆ ಸಹಿ ಹಾಕುತ್ತಿದ್ದಾನೆ. ರಿಸರ್ವ್ ಯಾವಾಗ ಬರುತ್ತದೆ ಹೇಳಿ. ಮೇನ್ ಕೆಟ್ಟು ಅದನ್ನು ಕತ್ತರಿಸಿದಾಗ (ಕಳಚಿ ಬಿಟ್ಟಾಗ), ಕೈ ನಡುಗುತ್ತಿರುವಾಗ, ಎತ್ತರ ಕಡಿಮೆ ಇರುವಾಗ, ಗೊತ್ತಿಲ್ಲದ ಹೊಲದಲ್ಲಿ ಇಳಿಯಬೇಕಾದಾಗ. ಇನ್ನೂ ಕೆಟ್ಟದ್ದು, ಬೇರೆ ಜಂಪರ್ ಬಂದು ತಲೆಗೆ ಬಡಿದು ನಿಮಗೆ ಪ್ರಜ್ಞೆಯೇ ಇಲ್ಲದಾಗ.

ಎಎಡಿ ಏನು ಮಾಡುತ್ತದೆ ನಿಮಗೆ ಗೊತ್ತೇ ಇದೆ. ಸೈಪ್ರೆಸ್‌ನ ಎಕ್ಸ್‌ಪರ್ಟ್ ಮಾಡೆಲ್ ಆದರೆ ಸುಮಾರು 750 ಅಡಿಯಲ್ಲಿ ನೀವು ಇನ್ನೂ ಸೆಕೆಂಡಿಗೆ 35 ಮೀಟರ್‌ಗಿಂತ ಜೋರಾಗಿ ಬೀಳುತ್ತಿದ್ದರೆ ರಿಸರ್ವ್ ಮುಚ್ಚಿ ಹಿಡಿದ ದಾರ (ಲೂಪ್) ಕತ್ತರಿಸುತ್ತದೆ. ಅಷ್ಟೇ ಅದರ ಕೆಲಸ. ಆಮೇಲೆ ನಿಮ್ಮನ್ನು ನೆಲಕ್ಕೆ ತರೋದು ರಿಸರ್ವ್ ಒಂದೇ, ಬ್ರೇಕ್ ದಾರ ಅರ್ಧ ಕಟ್ಟಿದ ಸ್ಥಿತಿಯಲ್ಲಿ, ಫ್ಲೇರ್ (ಇಳಿಯುವಾಗ ಎರಡೂ ಬ್ರೇಕ್ ಎಳೆದು ವೇಗ ಇಳಿಸೋದು) ಇಲ್ಲದೆ, ಗಾಳಿ ಯಾವ ಕಡೆ ಇದೆ ನೋಡದೆ. ಆಗ 160 ಬೇಕಾ 126 ಬೇಕಾ ನೀವೇ ಹೇಳಿ. ಲಕ್ಷ ಕೊಟ್ಟು ಎಎಡಿ ಹಾಕಿಸಿ ಅದರ ಕೆಳಗೆ ಕರವಸ್ತ್ರ ಕಟ್ಟಿದ ಹಾಗೆ ಆಗುತ್ತದೆ. ಆ ಕಂಟೇನರ್ ಮೇಲೆ ಅಷ್ಟೊಂದು ಮನಸ್ಸಿದ್ದರೆ, ಆಪ್ಟಿಮಮ್ ಥರದ ತೆಳು ಬಟ್ಟೆಯ ರಿಸರ್ವ್ ಒಂದು ಸೈಜ್ ಕಮ್ಮಿ ಜಾಗದಲ್ಲಿ ಕೂರುತ್ತದೆ, 126ರ ಜಾಗಕ್ಕೆ 143 ಹೋಗಬಹುದು. ಆದರೆ ಅದಕ್ಕೂ ದುಡ್ಡು ಬೇಕಲ್ಲ.

ಮದುಮಗಳ ಹಾಗಿದೆ ಅಂದಿರಿ. ಹೊರಗಿನ ಬಟ್ಟೆ ನೋಡಬೇಡಿ, ಲೈನ್ (ಕ್ಯಾನೊಪಿಯ ದಾರ) ನೋಡಿ. ಸ್ಪೆಕ್ಟ್ರಾ ಲೈನ್ ಆದರೆ ಸ್ಲೈಡರ್ (ಬಿಚ್ಚುವಾಗ ಲೈನ್ ಮೇಲೆ ಜಾರಿ ಬರುವ ಬಟ್ಟೆ) ಉಜ್ಜಿ ಉಜ್ಜಿ ಬಿಸಿಯಾಗಿ ಗಿಡ್ಡ ಆಗುತ್ತದೆ. ಬ್ರೇಕ್ ಲೈನ್ ಗಿಡ್ಡ ಆದರೆ ಕ್ಯಾನೊಪಿ ಯಾವಾಗಲೂ ಸ್ವಲ್ಪ ಬ್ರೇಕ್ ಹಿಡಿದ ಹಾಗೇ ಹಾರುತ್ತದೆ, ಫ್ಲೇರ್‌ನಲ್ಲಿ ದಮ್ ಇರುವುದಿಲ್ಲ. ವೆಕ್ಟ್ರಾನ್ ಲೈನ್ ಆದರೆ ಗಿಡ್ಡ ಆಗುವುದಿಲ್ಲ, ಸವೆದು ಸವೆದು ಒಂದು ದಿನ ಪಟ್ ಅನ್ನುತ್ತದೆ.

ನಿಮ್ಮ ಹಳೇ ರಿಗ್ ಒಂಬತ್ತು ತಿಂಗಳು ಎಲ್ಲಿಟ್ಟಿದ್ದಿರಿ?

ಕೋಟೆಗುಡ್ಡ:

ಅಯ್ಯೋ, ಭಾಗಾಕಾರ ನಾನು ಮೇನ್‌ಗೆ ಮಾತ್ರ ಮಾಡಿದ್ದೆ ಅಕ್ಕಾ. ರಿಗ್ ಮೇಲಿನ ರೂಮಿನ ಬೀರುವಿನಲ್ಲಿದೆ. ಮೇಲೆ ತಗಡಿನ ಶೀಟು. ಆಗಾಗ ಕಾರಿನ ಡಿಕ್ಕಿಯಲ್ಲೂ ಇತ್ತು, ಗೆಳೆಯರಿಗೆ ತೋರಿಸೋಕೆ ಅಂತ.

ಚಾಪೆ_ಸೂಜಿ_ದಾರ:

ಬಳ್ಳಾರಿಯ ಮೇ ತಿಂಗಳು, ತಗಡಿನ ಶೀಟು, ಕಾರಿನ ಡಿಕ್ಕಿ! ಸೈಪ್ರೆಸ್ ಕೆಲಸ ಮಾಡುವ ಮಿತಿಯೇ 63 ಡಿಗ್ರಿ. ಬಿಸಿಲಲ್ಲಿ ನಿಂತ ಕಾರು ಅದರ ಹತ್ತಿರ ಹೋಗೋಕೆ ಕಷ್ಟಪಡಬೇಕಿಲ್ಲ. ನಿಮ್ಮದು ಹೇಗೂ ಆಯಸ್ಸು ಮುಗಿದದ್ದು, ಬಚಾವ್. ಹೊಸದಕ್ಕೆ ಹಾಗೆ ಮಾಡಬೇಡಿ. ರಿಗ್ಗನ್ನು ಕೆಳಗಿನ ರೂಮಿಗೆ ತನ್ನಿ, ಬಿಸಿಲು ಬೀಳದ ಕಡೆ ಇಡಿ. ಬಿಸಿಲು ನೈಲಾನ್‌ಗೆ ವಿಷ. ಇಲಿ ಕಡಿದಿದೆಯಾ ಅಂತ ಪೂರ್ತಿ ಬಿಚ್ಚಿ ನೋಡಿ, ನಗಬೇಡಿ, ನನ್ನ ಮೇಜಿನ ಮೇಲೆ ಅಂಥದ್ದು ಬಂದಿದೆ. ರಿಸರ್ವ್ ಹೇಗೂ ಮತ್ತೆ ಪ್ಯಾಕ್ ಆಗಬೇಕು. ಅಮೆರಿಕದ ನಿಯಮದಲ್ಲಿ 180 ದಿನ, ನಿಮ್ಮದು ಒಂಬತ್ತು ತಿಂಗಳು.

ರಾಯಚೂರು_ಹವಾಲ್ದಾರ್:

ತಮ್ಮಾ ಕೋಟೆಗುಡ್ಡ, ನಾನು ಸೇನೆಯ ಪ್ಯಾರಾದಲ್ಲಿದ್ದವನು, ಆಗ್ರಾದಲ್ಲಿ ಕಲಿತದ್ದು, ಈಗ ಊರಲ್ಲಿ ಹೊಲ ನೋಡಿಕೊಂಡಿದ್ದೇನೆ. ಅಕ್ಕ ಹೇಳಿದ್ದು ಸರಿ ಇದೆ. ನಾನು ಬಿಸಿಲಿನ ಮಾತು ಹೇಳುತ್ತೇನೆ.

ನೀನು ದುಬೈನಲ್ಲಿ ಹಾರಿದ್ದು ಜಾಸ್ತಿ ಚಳಿಗಾಲದಲ್ಲೇ ಇರಬೇಕು. ಸಮುದ್ರದ ಪಕ್ಕ, 25 ಡಿಗ್ರಿ. ಬಳ್ಳಾರಿ ಸಮುದ್ರ ಮಟ್ಟದಿಂದ ಹತ್ತಿರ ಹತ್ತಿರ 1600 ಅಡಿ ಮೇಲಿದೆ. ಅದರ ಮೇಲೆ ಏಪ್ರಿಲ್‌ನ 40 ಡಿಗ್ರಿ. ಬಿಸಿ ಗಾಳಿ ತೆಳು ಗಾಳಿ. ಲೆಕ್ಕ ಹಾಕಿದರೆ ಆ ಮಧ್ಯಾಹ್ನ ನಮ್ಮ ನೆಲದ ಮೇಲಿನ ಗಾಳಿ 5000 ಅಡಿ ಎತ್ತರದ ಗಾಳಿಯ ಹಾಗೆ ಇರುತ್ತದೆ. ಅದೇ ಕ್ಯಾನೊಪಿ, ಅದೇ ನೀನು, ಆದರೆ ನೆಲಕ್ಕೆ ಬರುವ ವೇಗ ದುಬೈ ಚಳಿಗಾಲಕ್ಕಿಂತ ನೂರಕ್ಕೆ ಆರರಷ್ಟು ಜಾಸ್ತಿ. 170 ಬಿಟ್ಟು 150ಕ್ಕೆ ಹೋದರೆ ಎಷ್ಟು ಜಾಸ್ತಿ ಆಗುತ್ತದೆ ಗೊತ್ತಾ? ಅದೂ ನೂರಕ್ಕೆ ಆರರ ಆಸುಪಾಸು. ಅಂದರೆ ನಮ್ಮ ಬಿಸಿಲು ಒಂದು ಪೈಸೆ ತಗೊಳ್ಳದೆ ನಿನಗೆ ಆಗಲೇ 150 ಕೊಟ್ಟುಬಿಟ್ಟಿದೆ! ಅದರ ಮೇಲೆ ನೀನು ನಿಜವಾದ 150 ತಂದರೆ ಎರಡು ಮೆಟ್ಟಿಲು ಒಟ್ಟಿಗೆ ಹಾರಿದ ಹಾಗೆ, ಅದೂ ಒಂಬತ್ತು ತಿಂಗಳು ಬಿಟ್ಟು. ಕೈಯಲ್ಲಿರುವ ಆಲ್ಟಿಮೀಟರ್ ಇದನ್ನು ತೋರಿಸುವುದಿಲ್ಲ, ಅದು ಸೊನ್ನೆಗೆ ಸೊನ್ನೆ ಅಂತಲೇ ಹೇಳುತ್ತದೆ.

ಹಾರುಹದ್ದು ಹೇಳಿದ ಗಾಳಿ ಸೀಳುವ ಮಾತು ಸುಳ್ಳಲ್ಲ. ಆದರೆ ಡೆಮೊ ಮೈದಾನಕ್ಕೆ ಹೋಗುವವರು ದೊಡ್ಡ, ಸಾಧು ಕ್ಯಾನೊಪಿ ಹಾಕುವುದು ಸುಮ್ನೆ ಅಲ್ಲ. ಸುತ್ತ ಜನ, ವೈರು, ಗುಡ್ಡ. ತಪ್ಪಿದರೆ ಇನ್ನೊಂದು ಕಡೆ ಇಳಿಯೋಣ ಅನ್ನೋಕೆ ಜಾಗ ಇಲ್ಲ. ವೈರು ಕಂಡಿತು ಅಂತ 50 ಅಡಿಯಲ್ಲಿ ಒಂದೇ ಬ್ರೇಕ್ ಜಗ್ಗಿ ತಿರುಗಿದರೆ ಕ್ಯಾನೊಪಿ ಮೂತಿ ಕೆಳಗೆ ಹಾಕಿ ಧುಮುಕುತ್ತದೆ. ಒಳ್ಳೇ ಕ್ಯಾನೊಪಿ ಕೆಳಗೆ ಎಷ್ಟೋ ಪಳಗಿದವರು ಸತ್ತದ್ದು ಹೀಗೇ. ನಾನು ಕಾಲು ಮುರಿದುಕೊಂಡು ಬದುಕಿದೆ, ಅಷ್ಟೇ ವ್ಯತ್ಯಾಸ. ಆಗ ನನಗೆ 600 ಜಂಪ್ ದಾಟಿತ್ತು. ಎದುರಿಗೆ ಬಂದದ್ದು ವೈರೂ ಅಲ್ಲ, ಒಂದು ಎಮ್ಮೆ.

170ರಲ್ಲಿ ಎರಡೂ ಬ್ರೇಕ್ ಅರ್ಧ ಹಿಡಿದು 90 ಡಿಗ್ರಿ ಚಪ್ಪಟೆಯಾಗಿ ತಿರುಗೋದು, ಫ್ಲೇರ್ ಮಾಡುತ್ತಲೇ ಪಕ್ಕಕ್ಕೆ ಸರಿಯೋದು, ಬ್ರೇಕ್ ಹಿಡಿದೇ ಇಳಿಯೋದು, ಗಾಳಿ ಇಲ್ಲದ ದಿನ ಅಂದುಕೊಂಡ ಜಾಗದಲ್ಲೇ ನಿಲ್ಲೋದು, ಇವಿಷ್ಟು ನಿದ್ದೆಯಲ್ಲಿ ಎಬ್ಬಿಸಿದರೂ ಬರುತ್ತದಾ? ಬಂದರೆ 150 ಮಾತಾಡೋಣ.

ಆನೆಗುಂದಿ_ಬಂಡೆ:

ನಾನು ಜಂಪರ್ ಅಲ್ಲ, ಕೊಪ್ಪಳದವನು, ಪ್ಯಾರಾಗ್ಲೈಡಿಂಗ್ ಮಾಡುತ್ತೇನೆ. ಆದರೆ ನೆಲದ ಹತ್ತಿರದ ಗಾಳಿ ಇಬ್ಬರಿಗೂ ಒಂದೇ.

ಏಪ್ರಿಲ್‌ನಲ್ಲಿ ನಮ್ಮ ಕಡೆ ಬೆಳೆ ಕೊಯ್ದ ಎರೆ ಹೊಲ ನೋಡಿ. ಹತ್ತೂವರೆ ಹನ್ನೊಂದಕ್ಕೆ ಶುರು ಆಗುತ್ತದೆ ಸುಂಟರಗಾಳಿ, ಒಣ ಎಲೆ ಧೂಳು ಎಲ್ಲ ಎತ್ತಿಕೊಂಡು ಕುಣಿಯುತ್ತದೆ. ನಮ್ಮಜ್ಜಿ ಅದನ್ನು ದೆವ್ವಗಾಳಿ ಅನ್ನುತ್ತಿದ್ದಳು, ಕ್ಯಾನೊಪಿ ಮಡಚಿ ಹೋಗೋದನ್ನು ಒಮ್ಮೆ ನೋಡಿದವರಿಗೆ ಆ ಹೆಸರು ಸರಿ ಅನಿಸುತ್ತದೆ. ಧೂಳು ಇಲ್ಲದ ಮೈದಾನದಲ್ಲಿ ಅದು ಕಣ್ಣಿಗೇ ಕಾಣುವುದಿಲ್ಲ. ಜೊತೆಗೆ ಬಳ್ಳಾರಿಯ ಕಲ್ಲುಗುಡ್ಡ ಬೇರೆ, ಬಿಸಿಲಿಗೆ ಕಾದು ಹೆಂಚಿನ ಹಾಗೆ ಆಗಿರುತ್ತದೆ. ಅದರ ಮೇಲಿಂದ ಗಾಳಿ ಏಳುತ್ತದೆ, ಗಾಳಿ ಬೀಸುವಾಗ ಗುಡ್ಡದ ಹಿಂಬದಿಯಲ್ಲಿ ಸುಳಿ ಬೀಳುತ್ತದೆ. 170 ಆಗಲಿ 135 ಆಗಲಿ ಅದಕ್ಕೆ ಲೆಕ್ಕವಿಲ್ಲ. ಬೆಳಗ್ಗೆ ಎಂಟೂವರೆ ಒಳಗೆ ಮುಗಿಸಿ. ಮುಖ್ಯ ಅತಿಥಿ ಹನ್ನೊಂದಕ್ಕೆ ಬರುತ್ತಾರೆ ಅಂದರೆ ಕ್ಯಾನೊಪಿಯನ್ನು ವೇದಿಕೆ ಮೇಲೆ ಹರಡಿ ತೋರಿಸಿ, ಸಾಕು.

ಹಾರುಹದ್ದು:

ಎಲ್ಲರೂ ಸೇರಿ ಹೆದರಿಸುತ್ತಿದ್ದೀರಿ ಅನಿಸುತ್ತದೆ. 126ರ ಮಾತು ಒಪ್ಪಿದೆ, ನಾನು ಅದನ್ನು ಓದೇ ಇರಲಿಲ್ಲ. ಆದರೆ ಆರ್‌ಎಸ್‌ಎಲ್ ವಿಷಯದಲ್ಲಿ ನಾನು ಅಲ್ಲಾಡಲ್ಲ. ತಿರುಗುತ್ತಿರುವ ಮೇನ್ ಕತ್ತರಿಸಿದ ತಕ್ಷಣ ಅದು ರಿಸರ್ವ್ ಎಳೆದರೆ, ನಾನು ಇನ್ನೂ ಬೆನ್ನ ಮೇಲೋ ಪಕ್ಕಕ್ಕೋ ಇರುತ್ತೇನೆ, ಲೈನ್ ಸುತ್ತಿಕೊಳ್ಳುತ್ತದೆ.

ಚಾಪೆ_ಸೂಜಿ_ದಾರ:

ಆ ಭಯ ನನಗೆ ಅರ್ಥ ಆಗುತ್ತದೆ, ಹಿಂದೆ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಕತ್ತರಿಸಿದ ಮೇಲೆ ಹೊಟ್ಟೆ ಕೆಳಗೆ ಮಾಡಿ ಸರಿಯಾಗಿ ನಿಂತು ಎಳೆಯುತ್ತೇನೆ ಅಂದುಕೊಂಡು, ಎಳೆಯುವಷ್ಟರಲ್ಲಿ ಎತ್ತರ ಮುಗಿಸಿಕೊಂಡವರೂ ಇದ್ದಾರೆ. ಸ್ಕೈಹುಕ್ ಥರದ ವ್ಯವಸ್ಥೆ ಇದ್ದರೆ ಕತ್ತರಿಸಿದ ಮೇನೇ ರಿಸರ್ವ್‌ನ ಬ್ಯಾಗನ್ನು ಎಳೆದು ಬಿಚ್ಚುತ್ತದೆ, ನಿಮಗೆ ತಿರುಗೋಕೆ ಹೊತ್ತೇ ಇರುವುದಿಲ್ಲ. ನೀವು 135ರಲ್ಲಿ ಕ್ಯಾಮೆರಾ ಹಾಕಿಕೊಂಡು ಏನಾದರೂ ಮಾಡಿ, ಅದು ನಿಮ್ಮ ಲೆಕ್ಕ. ಒಂಬತ್ತು ತಿಂಗಳು ಹಾರದವರಿಗೆ ಬಿಚ್ಚಿಡಿ ಅಂತ ಹೇಳಬೇಡಿ.

ಕೋಟೆಗುಡ್ಡ ಅವರೇ, ಡೆಮೊ ಅಂದಿರಲ್ಲ, ಒಂದು ಮರೆತಿದ್ದೆ. ಎಎಡಿಯನ್ನು ವಿಮಾನ ಏರುವ ಜಾಗದಲ್ಲೇ ಆನ್ ಮಾಡಿ. ಮನೆಯಲ್ಲಿ ಆನ್ ಮಾಡಿ ಕಾರಿನಲ್ಲಿ ಹೋದರೆ ಅಲ್ಲಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು, ಅದು ಆನ್ ಆದ ನೆಲವನ್ನೇ ಸೊನ್ನೆ ಅಂದುಕೊಳ್ಳುತ್ತದೆ. ಏರುವ ಜಾಗಕ್ಕೂ ಇಳಿಯುವ ಮೈದಾನಕ್ಕೂ ಎತ್ತರದಲ್ಲಿ ವ್ಯತ್ಯಾಸ ಇದ್ದರೆ ಅದನ್ನು ಅದರೊಳಗೆ ಹಾಕಬೇಕು. ಕೈಯಲ್ಲಿರುವ ಆಲ್ಟಿಮೀಟರ್‌ಗೂ ಅಷ್ಟೇ. ಮತ್ತೆ ನಿಮ್ಮ ಕೆಂಪು ಮಣ್ಣಿನಲ್ಲಿ ಪ್ಯಾಕ್ ಮಾಡಬೇಡಿ, ತಾಡಪತ್ರಿ ಹಾಸಿ. ಆ ಧೂಳು ಲೈನ್‌ಗೆ ಉಪ್ಪುಕಾಗದ ಇದ್ದ ಹಾಗೆ.

ಕೋಟೆಗುಡ್ಡ:

ಗೆಳೆಯರಿಗೆ ಫೋನ್ ಮಾಡಿ 150 ಬೇಡ ಅಂದೆ. ಸ್ವಲ್ಪ ಮುನಿಸಿಕೊಂಡರು, ಇರಲಿ. ಆಮೇಲೆ ಅವರ ತೂಕ ಕೇಳಿದೆ, 58 ಕೆಜಿ ಅಂತೆ. ಅವರಿಗೆ 126 ಸರಿಯೇ ಇತ್ತು.

ಹಳೇ ರಿಗ್‌ಗೆ ಹೊಸ ಎಎಡಿ ಹಾಕಿಸುತ್ತೇನೆ, ಆರ್‌ಎಸ್‌ಎಲ್ ಹಾಗೇ ಇರುತ್ತದೆ. ಡೆಮೊಗೆ ಮುಂಚೆ ಹರಿಯಾಣದ ನಾರ್ನೌಲ್‌ಗೆ ಹೋಗಿ ಇನ್‌ಸ್ಟ್ರಕ್ಟರ್ ಜೊತೆ ಹಾರಿ ಬರುತ್ತೇನೆ, ನನ್ನ ಲೈಸೆನ್ಸ್‌ಗೆ ಆರು ತಿಂಗಳು ಮೀರಿದರೆ ಹಾಗೆ ಮಾಡಬೇಕು ಅಂತ ಇದೆ. ಹವಾಲ್ದಾರ್ ಅಣ್ಣ ಹೇಳಿದ ಚಪ್ಪಟೆ ತಿರುವು ಅಲ್ಲಿ ಎತ್ತರದಲ್ಲೇ ಮಾಡಿ ನೋಡುತ್ತೇನೆ. ನಿಜ ಹೇಳಬೇಕೆಂದರೆ ನಾನು ಅದನ್ನು ಎರಡು ಸಲ ಮಾಡಿದ್ದೇನೆ ಅಷ್ಟೇ. ಮೈದಾನದವರಿಗೆ ಬೆಳಗ್ಗೆ ಏಳೂವರೆ ಅಂತ ಹೇಳಿದೆ, ಅಷ್ಟು ಬೇಗ ಜನ ಬರಲ್ಲ ಅಂತಾರೆ. ಇಡ್ಲಿ ಕೊಡಿ ಬರ್ತಾರೆ ಅಂದೆ.

ಒಂದು ಸಣ್ಣ ಪ್ರಶ್ನೆ. ರಿಗ್ಗರ್‌ಗೆ ತೋರಿಸೋಕೆ ಹೋಗುವಾಗ ಇದನ್ನು ಬಸ್ಸಿನಲ್ಲಿ ಹೇಗೆ ಒಯ್ಯಲಿ? ಹಿಂದೊಮ್ಮೆ ಕಂಡಕ್ಟರ್ ನೋಡಿ, ಸಿಲಿಂಡರಾ ಅಂತ ಕೇಳಿ ಲಗೇಜ್ ಟಿಕೆಟ್ ಹರಿದಿದ್ದ.

ರಾಯಚೂರು_ಹವಾಲ್ದಾರ್:

ಟಿಕೆಟ್ ತಗೋ ತಮ್ಮಾ. ರಾತ್ರಿ ಬಸ್ ಹಿಡಿ, ಕಾಲ ಹತ್ತಿರ ಇಟ್ಟುಕೋ. ಡಿಕ್ಕಿಗೆ ಹಾಕಬೇಡ, ಅಲ್ಲಿ ಯಾರಾದರೂ ಎಣ್ಣೆ ಡಬ್ಬಿ ಇಟ್ಟಿರುತ್ತಾರೆ.